ಮನೆ ಸಮೇತ ತೇಲಿಹೋದವಳು

ನಾನು ಆ ಮನೆಗೆ ಕಿರಿಯ ಸೊಸೆಯಾಗಿ ಕಾಲಿಟ್ಟ ವಾರದಲ್ಲೇ ಅತ್ತೆ ವನ್ನಾಸಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನಿನ್ನ ವಾರಗಿತ್ತಿ ಒಂದು ಕಥೆ ಹೇಳ್ತಾಳೆ. ಅರ್ಧ ನಂಬು. ಉಳಿದರ್ಧ ನನ್ನ ಕೇಳು."

ವಾರಗಿತ್ತಿ ತಿಸ್ವಾಹಿನ್ ಅಲ್ಲೇ ಹಾಲು ಕರೆಯುತ್ತಿದ್ದಳು. ತಲೆ ಎತ್ತದೆ, "ಅವತ್ತು ಅತ್ತೆ ಭಯಕ್ಕೆ ಕಣ್ಣು ಮುಚ್ಕೊಂಡಿದ್ರು ಕಣೇ. ಅವ್ರು ನೋಡಿರೋದೇ ಅರ್ಧ," ಅಂದಳು.

ಆಮೇಲೆ ವರ್ಷಾನುಗಟ್ಟಲೆ ನಾನು ಆ ಕಥೆಯನ್ನು ಇಬ್ಬರ ಬಾಯಿಂದಲೂ ಕೇಳಿದೆ. ಒಬ್ಬರು ಹೇಳುವಾಗ ಇನ್ನೊಬ್ಬರು ತಿದ್ದುತ್ತಿದ್ದರು, ತಿದ್ದಿದವರನ್ನು ಮೊದಲಿನವರು ಬೈಯುತ್ತಿದ್ದರು. ಇಬ್ಬರೂ ಒಪ್ಪಿಕೊಂಡಷ್ಟನ್ನು ಇಲ್ಲಿ ಹೇಳುತ್ತೇನೆ. ಒಪ್ಪದೇ ಇದ್ದ ಕಡೆ ಅದನ್ನೂ ಹೇಳುತ್ತೇನೆ.

ತಿಸ್ವಾಹಿನ್ ನೀರಿನವಳಲ್ಲ. ಅವಳ ತವರು ಯೂಫ್ರಟಿಸ್ ದಂಡೆಯ ಒಣನೆಲ. ಗೋಧಿ, ಬಾರ್ಲಿ ಬೆಳೆಯುವ ಜನ. ಅವಳ ತಂದೆ ನಮ್ಮವರಿಗೆ ಧಾನ್ಯ ಕೊಟ್ಟು ಜೊಂಡಿನ ಚಾಪೆ ಒಯ್ಯುತ್ತಿದ್ದ. ಹಾಗೆ ಬೆಳೆದ ಪರಿಚಯದಲ್ಲಿ ಮಗಳನ್ನು ಅತ್ತೆಯ ಹಿರಿಮಗ ಚಾಸಿಬ್‌ಗೆ ಕೊಟ್ಟ. ನಮ್ಮ ಕಡೆ ಮನೆ ಇರುವುದು ನೀರಿನ ಮೇಲೆ. ಜೊಂಡು, ಕೆಸರು, ಮತ್ತೆ ಜೊಂಡು ಎಂದು ತುಳಿದು ತುಳಿದು ಕಟ್ಟಿದ ಪುಟ್ಟ ದ್ವೀಪ. ಅದರ ಮೇಲೆ ಜೊಂಡಿನ ಕಮಾನುಗಳ ಮನೆ. ಮನೆಯ ಹಿಂದೆ ಎಮ್ಮೆಗಳಿಗೊಂದಿಷ್ಟು ಜಾಗ. ಪಕ್ಕದ ಮನೆಗೆ ಬೆಂಕಿ ಕೇಳಲು ಹೋಗಬೇಕಾದರೂ ದೋಣಿ ಬೇಕು.

ಅವಳ ಹೆಸರಿನ ಅರ್ಥ 'ಎಲ್ಲ ಹೆಂಗಸರಿಗೂ ನೀನೊಬ್ಬಳೇ ಸಾಟಿ' ಎಂದು. ಮದುವೆಯ ದಿನ ಆ ಹೆಸರಿನವಳು ಗಂಡನ ಮನೆ ಬಂತೆಂದು ದೋಣಿಯಲ್ಲಿ ಎದ್ದು ನಿಂತಳು. ನಿಂತವಳು ಬಟ್ಟೆಪೆಟ್ಟಿಗೆ ಸಮೇತ ನೀರಿಗೆ ಬಿದ್ದಳು. ನೆರೆಮನೆಯ ಗಮ್ರಾ ಅಂದಿನಿಂದ ಅವಳನ್ನು ಕಂಡಾಗಲೆಲ್ಲ ಕೂಗುತ್ತಿದ್ದಳು: "ಎಲ್ಲರಿಗೂ ಸಾಟಿ ಬಂದ್ಲು, ಹಿಡ್ಕೊಳ್ರೇ, ಬಿದ್ದಾಳು!"

ಮೂರು ವರ್ಷವಾದರೂ ತಿಸ್ವಾಹಿನ್ ಈಜು ಕಲಿಯಲಿಲ್ಲ. ದೋಣಿಗೋಲು ಹಿಡಿದರೆ ದೋಣಿ ಇದ್ದಲ್ಲೇ ಸುತ್ತುತ್ತಿತ್ತು. ಆದರೆ ಬೆಳಗ್ಗೆ ಎದ್ದು ಹೊರಗೆ ಬಂದವಳೇ ಮೂಗೆತ್ತಿ, "ಮಧ್ಯಾಹ್ನಕ್ಕೆ ಗಾಳಿ ತಿರುಗ್ತದೆ ಅತ್ತೆ, ಚಾಪೆ ಒಳಗೆ ಹಾಕಿ," ಅನ್ನುತ್ತಿದ್ದಳು. ಕಣದಲ್ಲಿ ಕಾಳು ತೂರುತ್ತ ಬೆಳೆದ ಹುಡುಗಿ. ಗಾಳಿ ಕಾಯುವುದು ಅವಳಿಗೆ ಅಭ್ಯಾಸ. ಅತ್ತೆಗೆ ಅದೂ ನಗುವ ವಿಷಯ. "ನನ್ನ ಸೊಸೆಗೆ ಅಡುಗೆ ಬರಲ್ಲ, ಈಜು ಬರಲ್ಲ. ಗಾಳಿ ಮೂಸೋದೊಂದು ಬರ್ತದೆ," ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳುತ್ತಿದ್ದರು.

ಬಾಗ್ದಾದಿನಲ್ಲಿ ರಾಜನ ಆಳ್ವಿಕೆ ಮುಗಿದ ಮರುವರ್ಷದ ವಸಂತ ಅದು. ಆ ಸಲ ಪ್ರವಾಹ ಜೋರಾಗಿತ್ತು. ನೀರು ಏರಿ ಏರಿ, ತಳಕ್ಕೆ ಕೂತಿದ್ದ ದ್ವೀಪವನ್ನೇ ಎತ್ತಿಬಿಟ್ಟಿತ್ತು. ಹಾಗಾದಾಗ ಸುತ್ತ ಗಟ್ಟಿ ಗೂಟ ಹೊಡೆದು ಬಿಗಿಯಬೇಕು. ತಿಸ್ವಾಹಿನ್ ಗಂಡನಿಗೆ ಹೇಳಿದಳು. ಚಾಸಿಬ್‌ಗೆ ಕೆನೆಯನ್ನೂ ಚಾಪೆಯನ್ನೂ ಮಾರಲು ಪೇಟೆಗೆ ಹೋಗುವ ಆತುರ. "ಬಂದು ಹೊಡೀತೀನಿ ಬಿಡು. ಮನೆ ಎಲ್ಲಾದ್ರೂ ಓಡಿಹೋಗ್ತದಾ?" ಎಂದು ತಮ್ಮನನ್ನೂ ಕರೆದುಕೊಂಡು ಹೊರಟುಹೋದ.

ಮಾರನೆಯ ಬೆಳಗ್ಗೆ ತಿಸ್ವಾಹಿನ್ ಆಕಾಶ ನೋಡಿ, "ಅತ್ತೆ, ಬಡಗಾಳಿ ಬರ್ತಾ ಐತೆ. ದೊಡ್ಡದು," ಅಂದಳು. ಅತ್ತೆ ಒಳಗೆ ಅಕ್ಕಿರೊಟ್ಟಿ ತಟ್ಟುತ್ತ, "ಬರ್ಲಿ ಬಿಡು, ಕೂರಿಸಿ ಚಾ ಕೊಡೋಣ," ಅಂದರು. ರೊಟ್ಟಿ ಬೇಯುವಷ್ಟರಲ್ಲಿ ಆಕಾಶ ಹಳದಿಯಾಗಿ ಆಮೇಲೆ ಕಪ್ಪಾಯಿತು. ಕಟ್ಟಿದ್ದ ದೋಣಿ ಹಗ್ಗ ಹರಿದುಕೊಂಡು ಹೋಯಿತು. ಜೊಂಡುಗಳೆಲ್ಲ ಒಂದೇ ಕಡೆಗೆ ಮಲಗಿದವು. ಅತ್ತೆ ಬಾಗಿಲಿಗೆ ಬಂದು ನೋಡಿದರೆ ಗಮ್ರಾಳ ಮನೆ ಮೆಲ್ಲಗೆ ದೂರ ಸರಿಯುತ್ತಿತ್ತು.

"ಅಯ್ಯೋ ನೋಡೇ! ಗಮ್ರಾ ಮನೆ ಹೋಯ್ತಾ ಐತೆ! ಪಾಪ, ಮುದುಕಿ ಎಲ್ಲಿ ಹೋಯ್ತಾಳೋ!"

"ಅತ್ತೆ," ಅಂದಳು ತಿಸ್ವಾಹಿನ್. "ಹೋಯ್ತಿರೋದು ಗಮ್ರಾ ಮನೆ ಅಲ್ಲ. ನಮ್ಮದು."

ಇಷ್ಟರ ಮಟ್ಟಿಗೆ ಇಬ್ಬರ ಮಾತೂ ಒಂದೇ. ಇಬ್ಬರೂ ಕೂಗಿದರು. ಗಾಳಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಊರಿನ ಅಂಚಿನ ಮನೆ ನಮ್ಮದು. ಅಲ್ಲಿಂದಾಚೆ ಹಮ್ಮಾರ್ ಸರೋವರ, ದಡ ಕಾಣದ ಬಯಲು ನೀರು. ಮನೆ ಕೊನೆಯ ಜೊಂಡಿನ ಸಾಲನ್ನೂ ದಾಟಿತು. ಮೇಯಲು ನೀರಿಗಿಳಿದಿದ್ದ ಎಮ್ಮೆಗಳು ಮನೆ ಹೋಗುವುದನ್ನು ಕಂಡವು. ಒಂಟಿಕೊಂಬಿನ ವರ್ದಾ ಮೊದಲು ಈಜಿಕೊಂಡು ಹಿಂದೆ ಬಂತು, ಏಕೆಂದರೆ ಅದರ ಕರು ಮನೆಯ ಹಿಂದೆ ಕಟ್ಟಿತ್ತು. ಉಳಿದವು ಅದರ ಹಿಂದೆ. ಒಂದೊಂದಾಗಿ ದ್ವೀಪಕ್ಕೆ ಹತ್ತಿ, ಏನೂ ಆಗಿಲ್ಲವೆಂಬಂತೆ ಮಲಗಿ ಮೆಲುಕು ಹಾಕತೊಡಗಿದವು.

ಬಯಲಿಗೆ ಬಂದಮೇಲೆ ಅಲೆಗಳು ದೊಡ್ಡವಾದವು. ಮಧ್ಯಾಹ್ನದ ಹೊತ್ತಿಗೆ ದ್ವೀಪ ಕೆಳಗಿನಿಂದ ಕುಯ್ಯೋ ಎನ್ನತೊಡಗಿತು. ನೋಡನೋಡುತ್ತಿದ್ದಂತೆ ಮನೆಗೂ ಎಮ್ಮೆಗಳ ಜಾಗಕ್ಕೂ ನಡುವೆ ಒಂದು ಬಿರುಕು ಬಿಟ್ಟಿತು. ಮೊದಲು ಕೈ ಹೋಗುವಷ್ಟು. ಆಮೇಲೆ ಮನುಷ್ಯರು ಬೀಳುವಷ್ಟು. ಎಮ್ಮೆಗಳೆಲ್ಲ ಆ ತುಂಡಿನ ಮೇಲಿದ್ದವು. ಆ ತುಂಡು ಬೇರೆ ದಿಕ್ಕಿಗೆ ತಿರುಗತೊಡಗಿತು.

"ಹೋದ್ರೆ ಹೋಗ್ಲಿ ಬಿಡೇ!" ಅಂದರು ಅತ್ತೆ. "ನಾವು ಉಳಿದ್ರೆ ಸಾಕು."

"ಎಮ್ಮೆ ಹೋದ್ರೆ ನಾವು ಉಳಿದು ಏನ್ ಮಾಡೋದು ಅತ್ತೆ?"

ತಿಸ್ವಾಹಿನ್ ಒಳಗೆ ಹೋಗಿ ಉದ್ದನೆಯ ಹಗ್ಗ ತಂದಳು. ಒಂದು ತುದಿಯನ್ನು ಮನೆಯ ಕಮಾನಿಗೆ ಬಿಗಿದಳು, ಇನ್ನೊಂದನ್ನು ಸೊಂಟಕ್ಕೆ. ಒಣ ಜೊಂಡಿನ ಕಟ್ಟೊಂದನ್ನು ಎದೆಗೆ ಅವಚಿಕೊಂಡು ಹಗ್ಗದ ನಡುಭಾಗವನ್ನು ಅತ್ತೆಯ ಕೈಗೆ ಕೊಟ್ಟಳು. ಈಜು ಬಾರದವಳು ನೀರಿಗೆ ಇಳಿದಳು.

ನಾನು ಒಮ್ಮೆ ಕೇಳಿದ್ದೆ, ಆಗ ಏನನ್ನಿಸಿತಕ್ಕ ಎಂದು. "ತಣ್ಣಗಿತ್ತು. ಅಷ್ಟೇ ನೆನಪು. ಅಲೆ ಬಂದಾಗ ಕಟ್ಟು ಮೇಲೆ, ನಾನು ಕೆಳಗೆ. ಬಾಯಿ ತುಂಬ ನೀರು. ಕಾಲು ಬಡೀತಾನೇ ಇದ್ದೆ." ಬಿರುಕಿನ ನಡುವೆ ಒಂದು ಅಲೆ ಅವಳನ್ನು ಹಿಂದಕ್ಕೆ ಎಳೆಯಿತು. ಅತ್ತೆಯ ಕೈಯಲ್ಲಿದ್ದ ಹಗ್ಗ ಸರ್ರನೆ ಜಾರಿತು. ಆಗ ತಿಸ್ವಾಹಿನ್ ನೀರಿನೊಳಗಿಂದ ತಲೆಯೆತ್ತಿ ಕೂಗಿದ್ದು ನಮ್ಮ ಮನೆಯಲ್ಲಿ ಇಂದಿಗೂ ಮಾತಾಗಿದೆ: "ಬಿಡಬ್ಯಾಡ ಮುದುಕೀ! ಗಟ್ಟಿಯಾಗಿ ಹಿಡ್ಕೋ!"

"ಮೂರು ವರ್ಷ 'ಅತ್ತೆ, ನೀವು, ಬನ್ನಿ' ಅಂತಿದ್ದೋಳು," ಎಂದು ಅತ್ತೆ ಆಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. "ನನ್ನ ಗಂಡನೂ ನನ್ನ ಮುದುಕಿ ಅಂದಿರ್ಲಿಲ್ಲ. ಸಿಟ್ಟು ಬಂತು ನೋಡು, ಆ ಸಿಟ್ಟಿಗೆ ಹಗ್ಗ ಹಿಡಿದೆ. ಇಲ್ದಿದ್ರೆ ಬಿಟ್ಟೇಬಿಡ್ತಿದ್ದೆ." ಅತ್ತೆಯ ಎರಡು ಅಂಗೈಯ ಚರ್ಮವೂ ಕಿತ್ತುಬಂದಿತ್ತು. ಆ ಗಾಯದ ಗುರುತನ್ನು ನಾನು ಕಂಡಿದ್ದೇನೆ.

ಆ ಕಡೆಯ ಅಂಚಿನಲ್ಲಿ ವರ್ದಾ ತಲೆ ಚಾಚಿ ನಿಂತಿತ್ತು. ತಿಸ್ವಾಹಿನ್ ಅದರ ಒಂಟಿಕೊಂಬು ಹಿಡಿದಳು. ಎಮ್ಮೆ ಗಾಬರಿಗೊಂಡು ತಲೆ ಎತ್ತಿದ ರಭಸಕ್ಕೆ ಇವಳು ಆ ತುಂಡಿನ ಮೇಲೆ ಹೋಗಿ ಬಿದ್ದಳು. ಸೊಂಟದ ಹಗ್ಗ ಬಿಚ್ಚಿ, ಜೊಂಡಿನ ದಪ್ಪ ಬುಡಗಳಿಗೆ ಸುತ್ತಿ, ಕೂತು, ಕಾಲು ಒದ್ದುಕೊಂಡು ಎಳೆದಳು. ಆ ಕಡೆಯಿಂದ ಅತ್ತೆ ಎಳೆದರು. ಅಲೆ ಹತ್ತಿರ ತಂದಾಗ ಹಗ್ಗ ಬಿಗಿಯುವುದು, ದೂರ ತಳ್ಳಿದಾಗ ಬಿಡದಿರುವುದು. ಸಂಜೆಯ ಹೊತ್ತಿಗೆ ಎರಡು ತುಂಡುಗಳೂ ಮುಖಕ್ಕೆ ಮುಖ ಕೊಟ್ಟವು. ಆಮೇಲೆ ಇಬ್ಬರೂ ಚಾಪೆ ಹೊಲಿಯುವ ದಬ್ಬಳ ಹಿಡಿದು, ಬಿರುಕಿನ ಉದ್ದಕ್ಕೂ ಹಗ್ಗ ಪೋಣಿಸಿ, ಹರಿದ ಚೀಲ ಹೊಲಿಯುವಂತೆ ದ್ವೀಪವನ್ನು ಹೊಲಿದರು. ಗಾಳಿ ತಗ್ಗಿತು. ಕರು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಅತ್ತೆ ಬೆರಣಿಯ ಬೆಂಕಿ ಹೊತ್ತಿಸಿ ಬೆಳಗಿನ ಒಣಗಿದ ರೊಟ್ಟಿಯನ್ನು ಬಿಸಿಮಾಡಿ ಸೊಸೆಯ ಮುಂದಿಟ್ಟರು. ದಪ್ಪ ಕೆನೆಯ ಪಾಲು ಪೂರ್ತಿ ಅವಳ ರೊಟ್ಟಿಯ ಮೇಲೇ ಇತ್ತು.

ಬೆಳಗಾದಾಗ ನಾಲ್ಕು ದಿಕ್ಕಿಗೂ ನೀರು. ಬಿಸಿಲೇರಿದ ಮೇಲೆ ದೊಡ್ಡ ಹಾಯಿದೋಣಿಯೊಂದು ಹತ್ತಿರ ಬಂತು. ಬಸ್ರಾಕ್ಕೆ ಚಾಪೆ ಒಯ್ಯುತ್ತಿದ್ದವರು. ದೋಣಿಯ ಯಜಮಾನ ಬಾಯಿ ತೆರೆದು ನೋಡಿದ. ಸರೋವರದ ನಡುವೆ ಮನೆ, ಮನೆ ಮೇಲೆ ಹೊಗೆ, ಬಾಗಿಲಲ್ಲಿ ಇಬ್ಬರು ಹೆಂಗಸರು.

"ಏನಮ್ಮಾ ಇದು, ಎಲ್ಲಿಗೆ ಹೊರಟ್ರಿ?"

"ಅದೇ ಗೊತ್ತಿಲ್ಲ ಕಣಪ್ಪಾ," ಅಂದರು ಅತ್ತೆ. "ನೀವೇ ಹೇಳ್ರಿ."

"ಹತ್ರಿ, ಹತ್ರಿ. ಬಸ್ರಾಕ್ಕೆ ಬಿಡ್ತೀವಿ. ಅಲ್ಲಿಂದ ಹೆಂಗಾದ್ರೂ ಊರು ಸೇರ್ಕೊಳ್ಳಿ."

"ಎಮ್ಮೆಗಳು?" ಕೇಳಿದಳು ತಿಸ್ವಾಹಿನ್.

"ನಮ್ಮ ದೋಣೀಲಿ ಎಮ್ಮೆ ಎಲ್ಲಿ ಹಾಕೋದಮ್ಮ? ಆ ಕೊಳಕು ಪ್ರಾಣೀನ ಬಿಟ್ಟು ಬನ್ನಿ. ಜೀವ ಉಳಿದ್ರೆ ಇನ್ನೊಂದು ತಗೋಬಹುದು."

ಇಲ್ಲಿ ಕಥೆ ಎರಡಾಗುತ್ತದೆ. ತಾನು ಕೂತಲ್ಲಿಂದ ಏಳಲೇ ಇಲ್ಲ ಎಂದು ಅತ್ತೆ. ಅತ್ತೆಯ ಒಂದು ಕಾಲು ಆಗಲೇ ದೋಣಿಯೊಳಗೆ ಇತ್ತು ಎಂದು ತಿಸ್ವಾಹಿನ್. ಹೇಗೇ ಇರಲಿ, 'ಕೊಳಕು' ಎಂಬ ಮಾತು ಕಿವಿಗೆ ಬಿದ್ದೊಡನೆ ಅತ್ತೆಯ ಮುಖ ಕೆಂಪಾಯಿತು.

"ನಮ್ಮ ಎಮ್ಮೆ ಕೊಳಕಾ? ದಿನಾ ನೀರಲ್ಲೇ ಇರ್ತಾವೆ ಅವು! ನೀನು ಸ್ನಾನ ಮಾಡಿ ಎಷ್ಟು ದಿನ ಆಯ್ತು? ವಾಸನೆ ಇಲ್ಲಿಗೆ ಹೊಡೀತೈತೆ. ನಡಿ, ನಡಿ, ನಿನ್ನ ದೋಣೀನೂ ಬ್ಯಾಡ, ನಿನ್ನ ಬಸ್ರಾನೂ ಬ್ಯಾಡ!"

ದೋಣಿಯವರು ಬಿದ್ದು ಬಿದ್ದು ನಕ್ಕರು. ಯಜಮಾನ ಒಳ್ಳೆಯವನು, ಒಂದು ಪೊಟ್ಟಣ ಚಾ, ಸ್ವಲ್ಪ ಖರ್ಜೂರ ಎಸೆದುಕೊಟ್ಟ. ನಮ್ಮ ಊರು ಯಾವ ದಿಕ್ಕಿಗೆ ಎಂದು ಕೈ ತೋರಿಸಿದ. "ತೆಂಕಣ ಕಡೆಯ ಶರ್ಕಿ ಗಾಳಿ ಬೀಸಿದ್ರೆ ಆ ಕಡೆ ತಳ್ತದೆ. ಆದ್ರೆ ಈ ವಾರದಲ್ಲಿ ಬರೋ ಹಂಗಿಲ್ಲ ತಾಯಿ. ಹುಷಾರು," ಎಂದು ಹೇಳಿ ಹೊರಟುಹೋದ.

ತಿಸ್ವಾಹಿನ್ ಮೂಗೆತ್ತಿ ನಿಂತಳು. "ನಾಳೆ ಬರ್ತದೆ," ಅಂದಳು.

"ಹೆಂಗೆ ಹೇಳ್ತೀಯ?"

"ಕಾಳು ತೂರೋ ಗಾಳಿ ಬರೋ ಮುಂಚೆ ಹಿಂಗೇ ಇರ್ತದೆ ಅತ್ತೆ. ಒಂದು ಕೆನ್ನೆ ತಣ್ಣಗೆ, ಒಂದು ಕೆನ್ನೆ ಬೆಚ್ಚಗೆ."

ಅತ್ತೆ ಆ ದಿನ ನಗಲಿಲ್ಲ. "ಹಂಗಾದ್ರೆ ಈಗಿನ ಗಾಳಿಗೆ ಇನ್ನೂ ದೂರ ಹೋಗಬಾರದು. ಎಲ್ಲಾದ್ರೂ ನಿಲ್ಲಬೇಕು," ಅಂದರು. ಅಲ್ಲಿಂದ ಮುಂದಿನ ಕೆಲಸ ಅವರದು. ಕೈಯಲ್ಲಿ ನೀರು ಎತ್ತಿ ಕುಡಿದು ನೋಡಿದರು, ಮನೆಯಲ್ಲಿ ಉಳಿದಿದ್ದ ದೋಣಿಗೋಲು ಇಳಿಬಿಟ್ಟು ತಳದ ಕೆಸರನ್ನು ಬೆರಳಲ್ಲಿ ಹಿಸುಕಿದರು. "ಮುಂದೆ ಜೊಂಡು ಐತೆ. ಕೆಸರಲ್ಲಿ ಬೇರು ಸಿಗ್ತಾ ಐತೆ." ಮಧ್ಯಾಹ್ನ ಒಂದು ಜೊಂಡಿನ ಗುಂಪು ಕಾಣಿಸಿತು. ಪಕ್ಕದಲ್ಲಿ ಹಾಯುವಾಗ ತಿಸ್ವಾಹಿನ್ ಹಗ್ಗದ ಕುಣಿಕೆ ಎಸೆದಳು. ಕಣದಲ್ಲಿ ಎತ್ತಿಗೆ ಹಗ್ಗ ಹಾಕಿದ ಕೈ. ಮೂರನೆಯ ಎಸೆತಕ್ಕೆ ಸಿಕ್ಕಿತು. ಮನೆ ನಿಂತಿತು.

ಆ ಸಂಜೆ ಇಬ್ಬರೂ ಸೇರಿ ಮನೆಯ ಗೋಡೆಗಳನ್ನು ಬಿಚ್ಚಿದರು. ಗೋಡೆಯೆಂದರೆ ಚಾಪೆಗಳು ತಾನೆ. ಅವನ್ನು ಕಮಾನುಗಳಿಗೆ ಅಡ್ಡಲಾಗಿ, ಒಂದರ ಮೇಲೊಂದು ಎತ್ತಿ ಕಟ್ಟಿದರು. ಮನೆಯೇ ಹಾಯಿಯಾಯಿತು.

ತಿಸ್ವಾಹಿನ್ ಹೇಳಿದ ದಿನವೇ ಶರ್ಕಿ ಬಂತು, ಬಿಸಿಯಾಗಿ, ಜಿಗುಟಾಗಿ. ಹಗ್ಗ ಬಿಚ್ಚಿದರು. ಚಾಪೆಗಳು ಉಬ್ಬಿದವು. ಹೊಟ್ಟೆ ತುಂಬಿದ ಎಮ್ಮೆ ನಡೆದಂತೆ ಮನೆ ಹೊರಟಿತು. ಗಾಳಿ ಅಡ್ಡ ತಿರುಗಿದಾಗ ಯಾವುದಾದರೂ ಜೊಂಡಿಗೆ ಕಟ್ಟುವುದು, ಸರಿಯಾದಾಗ ಬಿಡುವುದು. ಯಾವಾಗ ಬಿಡಬೇಕೆಂದು ಸೊಸೆ ಹೇಳುವಳು. ಎಲ್ಲಿ ಕಟ್ಟಬೇಕೆಂದು ಅತ್ತೆ ಹೇಳುವರು. ದಾರಿಯಲ್ಲಿ ಹಾಲು ಕರೆದರು, ಮೊಸರು ಕಡೆದರು, ಅತ್ತೆ ಈಟಿಯಿಂದ ಮೀನು ಹೊಡೆದರು. ದಾರಿಯಲ್ಲೇ ಅತ್ತೆ ತನ್ನ ಮದುವೆಯ ಕಥೆಯನ್ನೂ ಹೇಳಿದರಂತೆ. ತಾನೂ ಗಂಡನ ಮನೆಗೆ ಬಂದ ದಿನ ನೀರಿಗೆ ಬಿದ್ದದ್ದನ್ನು. "ಗಮ್ರಾಗೆ ಹೇಳಿದ್ರೆ ನೋಡು ಮತ್ತೆ," ಎಂದು ಬೆದರಿಸಿಯೇ ಹೇಳಿದರಂತೆ.

ಊರಿನ ಹೊಗೆ ಕಾಣುವಷ್ಟು ಹತ್ತಿರ ಬಂದಾಗ ಗಾಳಿ ನಿಂತುಹೋಯಿತು. ಪೂರ್ತಿ. ಚಾಪೆಗಳು ಸೋತ ಕಿವಿಗಳಂತೆ ಜೋತುಬಿದ್ದವು. ತಿಸ್ವಾಹಿನ್ ಮೂಗೆತ್ತಿ, ತಲೆಯಾಡಿಸಿದಳು. "ಇವತ್ತಿಗೆ ಇಲ್ಲ ಅತ್ತೆ. ಸಂಜೆಗೆ ಮತ್ತೆ ಬಡಗಾಳಿ."

ಬಡಗಾಳಿ ಎಂದರೆ ಮತ್ತೆ ಸರೋವರದ ನಡುವಿಗೆ. ಕಟ್ಟಲು ಹತ್ತಿರ ಒಂದು ಕಡ್ಡಿ ಜೊಂಡೂ ಇರಲಿಲ್ಲ.

ಅತ್ತೆ ಎಮ್ಮೆಗಳ ಕಡೆ ನೋಡಿದರು. ತಿಸ್ವಾಹಿನ್ ಕೂಡ ನೋಡಿದಳು. ಯಾರಿಗೆ ಮೊದಲು ಹೊಳೆಯಿತು ಎಂಬ ಜಗಳ ಅತ್ತೆ ಕಣ್ಣು ಮುಚ್ಚುವವರೆಗೂ ಮುಗಿಯಲಿಲ್ಲ. ಚಾಪೆಯ ಪಟ್ಟಿಗಳನ್ನು ಮಡಿಸಿ ಎಮ್ಮೆಗಳ ಎದೆಗೆ ಮೆತ್ತೆ ಮಾಡಿದರು. ಅದರ ಮೇಲೆ ಹಗ್ಗ ಸುತ್ತಿ ದ್ವೀಪಕ್ಕೆ ಬಿಗಿದರು. ವರ್ದಾವನ್ನು ಮುಂದಕ್ಕೆ ಬಿಟ್ಟರು. ಎಮ್ಮೆಗಳು ನೀರಿಗಿಳಿದು ಅಲ್ಲೇ ತೇಲುತ್ತ ನಿಂತವು, ಹೊರಳಾಡಿದವು, ಹಗ್ಗ ಗೋಜಲು ಮಾಡಿಕೊಂಡವು. ಆಗ ಅತ್ತೆ ಮನೆಯ ಮುಂದಿನ ಅಂಚಿಗೆ ಬಂದು ನಿಂತು ಹಾಡು ಎತ್ತಿದರು. ಸಂಜೆ ಎಮ್ಮೆಗಳನ್ನು ಮನೆಗೆ ಕರೆಯಲು ಗಂಡಸರು ಹಾಡುವ ಹಾಡು ಅದು. ಹೆಂಗಸರು ಹಾಡುವುದಿಲ್ಲ. ಅತ್ತೆಯ ಗಂಡ ತೀರಿಕೊಂಡ ಮೇಲೆ ಆ ರಾಗದಲ್ಲಿ ಆ ಎಮ್ಮೆಗಳನ್ನು ಯಾರೂ ಕರೆದಿರಲಿಲ್ಲ. ವರ್ದಾ ಕಿವಿ ನಿಮಿರಿಸಿತು. ದೂರದ ಊರಿನ ಹೊಗೆಯ ಕಡೆ ಮೂಗು ಮಾಡಿತು. ಈಜತೊಡಗಿತು.

ಹಗ್ಗಗಳು ನೀರಿನಿಂದ ಮೇಲೆದ್ದು ಬಿಗಿಯಾದವು. ಮನೆ ಅಲುಗಿತು. ನೀರು ಕಡಿಮೆಯಾಗಿ ಎಮ್ಮೆಗಳ ಕಾಲು ನೆಲಕ್ಕೆ ತಾಗಿದ ಮೇಲಂತೂ ಅವನ್ನು ಹಿಡಿಯುವವರೇ ಇರಲಿಲ್ಲ.

ಊರಿನಲ್ಲಿ ಮೊದಲು ಕಂಡವರು ಜೊಂಡು ಕೊಯ್ಯುತ್ತಿದ್ದ ಹೆಂಗಸರು. ಕುಡುಗೋಲು ಬಿಟ್ಟು ಚೀರಿದರು. ಗೋಡೆಯಿಲ್ಲದ ಮನೆಯೊಂದನ್ನು ಎಮ್ಮೆಗಳು ಎಳೆದುಕೊಂಡು ಬರುತ್ತಿವೆ. ಮುಂದೆ ನಿಂತು ವನ್ನಾಸಾ ಗಂಡಸಿನಂತೆ ಹಾಡುತ್ತಿದ್ದಾರೆ. ಹಿಂದೆ ಒಣನೆಲದ ಸೊಸೆ ದೋಣಿಗೋಲು ಹಿಡಿದು ಮನೆಯನ್ನೇ ತಿರುಗಿಸುತ್ತಿದ್ದಾಳೆ! ದೋಣಿಗಳು ಓಡಿಬಂದವು. ಯಾರೋ ಬಂದೂಕು ತೆಗೆದು ಆಕಾಶಕ್ಕೆ ಹೊಡೆದರು. ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಉಲಿದ ಸದ್ದು ಜೊಂಡಿನ ಆಚೆ ಊರಿಗೂ ಕೇಳಿತಂತೆ.

ಆದರೆ ನಮ್ಮ ಜಾಗದಲ್ಲಿ ಗಮ್ರಾ ಕೂತಿದ್ದಳು. ಎಮ್ಮೆ ಮೇಯಲು ಅನುಕೂಲದ ಒಳ್ಳೆಯ ಜಾಗ. ಖಾಲಿಯಾಯಿತಲ್ಲ ಎಂದು ತನ್ನ ಮನೆಯನ್ನು ಅಲ್ಲಿಗೆ ಎಳೆಸಿಕೊಂಡಿದ್ದಳು.

"ವನ್ನಾಸಾ! ಬದುಕಿದ್ಯಾ? ನಿಂಗೋಸ್ಕರ ಅತ್ತೂ ಅತ್ತೂ ಕಣ್ಣು ಊದ್ಕೊಂಡೈತೆ ನೋಡೇ!"

"ಅತ್ತಿದ್ದು ಸಾಕು, ಜಾಗ ಬಿಡು!"

"ಇವತ್ತೊಂದು ದಿನ ಆ ಕಡೆ ಕಟ್ಕೊಳ್ಳೇ. ನನ್ನ ಗಂಡ ಬಂದು ನೂಕ್ತಾನೆ."

ತಿಸ್ವಾಹಿನ್ ದೋಣಿಗೋಲು ಎತ್ತಿ ನೆಟ್ಟಗೆ ನಿಂತಳು. "ಗಮ್ರಕ್ಕಾ, ನಮ್ಮ ಮನೆ ನಿಲ್ಸೋದು ನಂಗಿನ್ನೂ ಬರಲ್ಲ. ಗೊತ್ತಿರೋದು ನೂಕೋದೊಂದೇ. ಸರೀತೀಯೋ, ಗುದ್ದಲೋ?"

ಊರೆಲ್ಲ ನಗುತ್ತಿತ್ತು. ಗಮ್ರಾಳಿಗೂ ನಗು ತಡೆಯಲಾಗಲಿಲ್ಲ. "ಸರೀತೀನಿ ತಾಯಿ, ಸರೀತೀನಿ! ಹಿಡ್ಕೊಳ್ರೋ ನನ್ನ ಮನೇನ! ಎಲ್ಲರಿಗೂ ಸಾಟಿ ಬಂದ್ಲು, ಈ ಸಲ ನಾವು ಬಿದ್ದೇವು!" ಅಂದಳು. ಊರಿನ ಗಂಡಸರೆಲ್ಲ ಸೇರಿ ಅವಳ ಮನೆ ಸರಿಸಿದರು. ಬಡಗಾಳಿ ಏಳುವ ಹೊತ್ತಿಗೆ ನಮ್ಮ ಮನೆ ಅದರ ಜಾಗದಲ್ಲಿತ್ತು. ಗೂಟಗಳನ್ನು ತಿಸ್ವಾಹಿನ್ ತಾನೇ ನಿಂತು ಹೊಡೆಸಿದಳು.

ಚಾಸಿಬ್ ಬಂದದ್ದು ಮಾರನೆಯ ದಿನ. ಪೇಟೆಯಲ್ಲಿ ಸುದ್ದಿ ಕೇಳಿ, ತಮ್ಮನ ಜೊತೆ ಸರೋವರದ ಇನ್ನೊಂದು ಮಗ್ಗುಲನ್ನೆಲ್ಲ ಹುಡುಕಿ, ಧ್ವನಿ ಹೋಗಿ, ಗಡ್ಡ ಬಿಟ್ಟುಕೊಂಡು ಬಂದ. ಮನೆ ಇದ್ದಲ್ಲೇ ಇತ್ತು. ತಾಯಿಯೂ ಹೆಂಡತಿಯೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅವನು ದೋಣಿಯಲ್ಲೇ ಕುಸಿದು ಕೂತು ಗಳಗಳನೆ ಅತ್ತ.

"ಎಲ್ಲಿ ಹೋಗಿದ್ದೆ ಇಷ್ಟು ದಿನ?" ಕೇಳಿದಳು ತಿಸ್ವಾಹಿನ್. ಆಮೇಲೆ ಅವಳಿಗೂ ಅಳು ಬಂತು. ಆ ಇಡೀ ಪ್ರಯಾಣದಲ್ಲಿ ಅವಳು ಅತ್ತದ್ದು ಆಗ ಮಾತ್ರ ಎಂದು ಅತ್ತೆ ಹೇಳುತ್ತಿದ್ದರು.

ಬೇಸಿಗೆಯಲ್ಲಿ ಅತ್ತೆ ಅವಳಿಗೆ ಈಜು ಕಲಿಸಿದರು. ನಾನು ಬರುವ ಹೊತ್ತಿಗೆ ಅವಳು ಊರಿನ ಮದುವೆಗಳಲ್ಲಿ ಮದುಮಗಳ ದೋಣಿ ನಡೆಸುವವಳಾಗಿದ್ದಳು. ನನ್ನನ್ನು ಕರೆತಂದವಳೂ ಅವಳೇ. ಮನೆ ಹತ್ತಿರ ಬಂದಾಗ ನಾನು ಎದ್ದು ನಿಲ್ಲಲು ಹೋದೆ. ಹೆಗಲ ಮೇಲೆ ಕೈಯೊತ್ತಿ ಕೂರಿಸಿ, "ಬೀಳೋದು ಈ ಮನೆ ಪದ್ಧತಿ. ನೀನು ಬ್ಯಾಡ," ಅಂದಳು.

ಎಷ್ಟೋ ವರ್ಷಗಳ ಮೇಲೆ ಸರ್ಕಾರದವರು ಒಡ್ಡು ಕಟ್ಟಿ ನಮ್ಮ ನೀರನ್ನೆಲ್ಲ ಒಣಗಿಸಿದರು. ನಾವು ಅವಳ ತವರಿನ ಕಡೆಗೇ ಹೋಗಿ, ಅವಳ ಅಣ್ಣತಮ್ಮಂದಿರ ಹೊಲದಂಚಿನಲ್ಲಿ ಬದುಕಿದೆವು. ಅತ್ತೆ ಅದಕ್ಕೆ ಮೊದಲೇ ತೀರಿಹೋಗಿದ್ದರು. ಒಣನೆಲ ತಿಸ್ವಾಹಿನ್‌ಗೆ ಹುಟ್ಟಿದ ನೆಲ. ಆದರೆ ನಮ್ಮೆಲ್ಲರಲ್ಲಿ ಅವಳೊಬ್ಬಳೇ ಆ ಜಾಗವನ್ನು ಒಂದು ದಿನವೂ "ಮನೆ" ಎನ್ನಲಿಲ್ಲ. ಒಡ್ಡುಗಳು ಒಡೆದು ನೀರು ವಾಪಸು ಬಂತೆಂದು ಸುದ್ದಿ ಬಂದಾಗ ಅವಳ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಜನ ಇನ್ನೂ ಯೋಚನೆಯಲ್ಲಿದ್ದರು. ನೀರು ನಿಲ್ಲುತ್ತದೋ ಇಲ್ಲವೋ, ಜೊಂಡು ಏಳುತ್ತದೋ ಇಲ್ಲವೋ. ಅವಳು ಮಕ್ಕಳನ್ನು ಕರೆದು, "ಎಮ್ಮೆ ಹೊಡ್ಕೊಂಡು ಬನ್ನಿ, ನಾನು ಮುಂದೆ ಹೋಗಿರ್ತೀನಿ," ಎಂದು ದೋಣಿ ಹತ್ತಿದಳು.

ಬಯಲು ನೀರಿನ ನಡುವೆ ಉದ್ದ ಉಡುಪನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಎಳೆ ಜೊಂಡು ಹಾಸಿ, ಕೆಸರು ಸುರಿದು, ಅವಳು ತುಳಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಸುತ್ತ ಒಂದು ಮನೆಯೂ ಇರಲಿಲ್ಲ. ನನ್ನ ದೋಣಿ ಕಂಡು ಕೈಬೀಸಿದಳು.

"ಏನ್ ನೋಡ್ತಾ ಕೂತೆ? ಇಳೀ, ತುಳೀ ಬಾ!"

ನಾನು ಇಳಿದೆ. ಆ ಬೇಸಿಗೆ ಮುಗಿಯುವುದರೊಳಗೆ ಗಮ್ರಾಳ ಮೊಮ್ಮಕ್ಕಳೂ ಬಂದು ಪಕ್ಕದಲ್ಲೇ ಜೊಂಡು ಹಾಸುತ್ತಿದ್ದರು.